ಶಿರಸಿ ಕಡೆ ಜೇನು ತರೋಕೆ ಹೋಗ್ತೀರಾ? ನೀರಿನ ಲೋಟ ಮನೆಯಲ್ಲೇ ಬಿಟ್ಟು ಹೋಗಿ

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಶಿರಸಿ, ಸುಮಾರು 400 ಕಿಲೋಮೀಟರ್. ರೈಲೇ ಬೇಕು ಅನ್ನುವವರು ತಾಳಗುಪ್ಪದಲ್ಲೋ ಹಾವೇರಿಯಲ್ಲೋ ಇಳಿದು ಬಸ್ಸು ಹಿಡಿಯಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ, ಆ ವಾರ ಮಾತ್ರ ಜೇನಿನ ನೆಪದಲ್ಲಿ ಹೋಗಬೇಡಿ, ರೂಮು ಸಿಗೋದು ಕಷ್ಟ.

ನಾವು ಹೋಗಿದ್ದು ಏಪ್ರಿಲ್‌ನಲ್ಲಿ. ಜೇನು ತೆಗೆಯುವುದನ್ನು ಕಣ್ಣಾರೆ ನೋಡಬೇಕಾದರೆ ಮಾರ್ಚ್‌ನಿಂದ ಮೇ ಒಳಗೆ ಹೋಗಿ. ಮಳೆ ಹಿಡಿದ ಮೇಲೆ ಹುಳಗಳಿಗೇ ಊಟಕ್ಕೆ ತತ್ವಾರ, ಸಕ್ಕರೆ ನೀರು ಕೊಟ್ಟು ಉಳಿಸಿಕೊಳ್ಳುತ್ತಾರೆ. ಅದನ್ನು ನೋಡಿ ಮೋಸ ಅಂದುಕೊಳ್ಳಬೇಡಿ. ಹೂವಿನ ಕಾಲದಲ್ಲೂ ಸಕ್ಕರೆ ಕೊಡ್ತೀರಾ ಅಂತ ಕೇಳಿ, ಮುಖ್ಯವಾದ ಪ್ರಶ್ನೆ ಅದು, ಆಗ ಕೊಟ್ಟ ಸಕ್ಕರೆ ನಾವು ಕೊಳ್ಳೋ ಜೇನಿಗೇ ಸೇರುತ್ತದೆ.

ತೋಟಕ್ಕೆ ಮೊದಲೇ ಫೋನ್ ಮಾಡಿ, ಬೆಳಗ್ಗೆಯೇ ಹೋಗಿ, ಸೆಂಟು ಹಾಕಿಕೊಳ್ಳಬೇಡಿ, ತಿಳಿ ಬಣ್ಣದ ಬಟ್ಟೆ ಹಾಕಿ. ಅಡಿಕೆ ತೋಟದ ಅಂಚಿನಲ್ಲಿ ಮೂವತ್ತು ಪೆಟ್ಟಿಗೆ ಇದ್ದವು, ಎಲ್ಲ ತುಡುವೆ ಜೇನು, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಹುಳ. ನಾನು ವಿಡಿಯೋ ನೋಡಿ ಕಲಿತಿದ್ದ ನೀರಿನ ಲೋಟದ ಪರೀಕ್ಷೆಗೆ (ಶುದ್ಧ ಜೇನಾದರೆ ಕರಗದೆ ತಳಕ್ಕೆ ಹೋಗುತ್ತದಂತೆ) ಹೊರಟಾಗ ಯಜಮಾನರು ನಕ್ಕರು. "ಸಕ್ಕರೆ ಪಾಕ ಗಟ್ಟಿಯಾಗಿ ಕಾಸಿ ಬಿಟ್ರೆ ಅದೂ ತಳಕ್ಕೇ ಹೋಗ್ತದೆ ಮಾರಾಯ್ರೆ." ಬೆಂಕಿಕಡ್ಡಿ ಅದ್ದಿ ಗೀರೋದು, ಪೇಪರ್ ಮೇಲೋ ಹೆಬ್ಬೆರಳ ಮೇಲೋ ಹನಿ ಬಿಟ್ಟು ನೋಡೋದು, ಎಲ್ಲ ಇದೇ ಕಥೆ. ಪಾಕದ ಬೆರಕೆ ಹಿಡಿಯೋದು ಲ್ಯಾಬಿನ ಕೆಲಸ.

ಮತ್ತೆ ನಾವು ಏನು ನೋಡಬೇಕು? ಅವರು ಒಂದು ಚೌಕಟ್ಟು ಎತ್ತಿ ಬಿಸಿಲಿಗೆ ಹಿಡಿದರು. ಎರಿಯ, ಅಂದರೆ ಹುಳ ಕಟ್ಟಿದ ಮೇಣದ ಗೂಡಿನ, ಮೇಲ್ಭಾಗ ಪೂರ್ತಿ ಬಿಳಿ ಮೇಣದ ಮುಚ್ಚಳ, ಕೆಳಗೆ ನಾಲ್ಕು ಬೆರಳಷ್ಟು ಜಾಗದಲ್ಲಿ ಮುಚ್ಚಳ ಇಲ್ಲದ ಕಣ್ಣುಗಳು, ಒಳಗೆ ಮಿಣಮಿಣ ರಸ. ಚೌಕಟ್ಟನ್ನು ಅಡ್ಡ ಹಿಡಿದು ಒಂದು ಸಲ ಜಾಡಿಸಿದಾಗ ಆ ತೆರೆದ ಕಣ್ಣುಗಳಿಂದ ನನ್ನ ಕೈಮೇಲೆ ಹನಿ ಬಿದ್ದವು, ನೀರಿನ ಹಾಗೆ ತೆಳು. "ಇದು ಇನ್ನೂ ಹಸಿ" ಅಂತ ಹೇಳಿ ಚೌಕಟ್ಟನ್ನು ವಾಪಸ್ ಇಟ್ಟರು. ಅಷ್ಟು ಸಾಕಿತ್ತು ನನಗೆ, ಅಲ್ಲೇ ಎರಡು ಕೆಜಿ ಹೇಳಿದೆ. ಹುಳ ರೆಕ್ಕೆ ಬೀಸಿ ನೀರು ಆರಿಸಿದ ಮೇಲೇ ಮುಚ್ಚಳ ಹಾಕೋದು. ಅವಸರಕ್ಕೆ ಹಸಿ ಜೇನು ತೆಗೆದರೆ ಅದು ಅಪ್ಪಟವೇ ಆಗಿದ್ದರೂ ಹುಳಿ ಬರುತ್ತದೆ. ಹಿಂದೊಮ್ಮೆ ಘಟ್ಟದ ರಸ್ತೆ ಬದಿಯಲ್ಲಿ ಕೊಂಡ, ಎರಿಯ ತುಂಡು ತೇಲುತ್ತಿದ್ದ 'ಕಾಡುಜೇನು' ಒಂದೇ ತಿಂಗಳಲ್ಲಿ ನೊರೆ ಬಂದು ಮುಚ್ಚಳ ಹಾರಿಸಿತ್ತು.

ನಿಯಮದ ಪ್ರಕಾರ ನೀರಿನಂಶ 20 ಶೇಕಡಾ ದಾಟಬಾರದು. ಮಲೆನಾಡಿನ ತೇವಕ್ಕೆ ತುಡುವೆ ಜೇನು ಅದನ್ನು ಸುಲಭವಾಗಿ ದಾಟಿಬಿಡುತ್ತದೆ. ಅಳೆಯೋ ಸಣ್ಣ ಯಂತ್ರ ಇದೆಯಾ ಕೇಳಿ. ಇಲ್ಲದಿದ್ದರೆ ತೂಗಿಸಿ, ಒಂದು ಲೀಟರ್ ಜೇನು ಸುಮಾರು 1.4 ಕೆಜಿ ತೂಗಬೇಕು. ತೂಕ ಹೇಳೋದು ನೀರು ಜಾಸ್ತಿಯಾ ಅಂತ ಮಾತ್ರ, ಸಕ್ಕರೆಯ ಸುದ್ದಿ ಅದಕ್ಕೆ ಗೊತ್ತಾಗಲ್ಲ.

ರುಚಿ ನೋಡೋಕೆ ನಾಲ್ಕು ಬಗೆ ಇಟ್ಟರು. ನೇರಳೆ ಹೂವಿನದು ಕಪ್ಪು, ಕೊನೆಗೆ ಸಣ್ಣ ಕಹಿ, ನನಗೆ ಅದೇ ಇಷ್ಟವಾಯಿತು. ಕಾಡಿನ ಹತ್ತಾರು ಹೂವು ಬೆರೆತದ್ದು ಎಲ್ಲರಿಗೂ ಹಿಡಿಸುವಂಥದ್ದು. ಸುಳ್ಯ ಕಡೆಯಿಂದ ತರಿಸಿದ್ದ ರಬ್ಬರ್ ಜೇನು ತಿಳಿ ಬಣ್ಣ, ಬರೀ ಸಿಹಿ. ಅದು ಹೂವಿನದಲ್ಲ, ಚಿಗುರೆಲೆಯ ತೊಟ್ಟಿನ ಬಳಿ ಒಸರುವ ರಸದ್ದು, ಬೇಗ ಹರಳುಗಟ್ಟುತ್ತದೆ. ಹರಳುಗಟ್ಟಿದ್ದೆಲ್ಲ ಸಕ್ಕರೆ ಅಂದುಕೊಂಡು ಚೆಲ್ಲಬೇಡಿ, ಉಗುರು ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಫ್ರಿಜ್ಜಿನಲ್ಲಂತೂ ಇಡಲೇಬೇಡಿ. ನಾಲ್ಕನೆಯದು ಮಿಸರಿ, ಕುಟುಕದ ಪುಟ್ಟ ಹುಳದ್ದು, ದಕ್ಷಿಣ ಕನ್ನಡದವರ ಮುಜಂಟಿ. ಹುಳಿ ಹುಳಿ, ತೆಳು. ಅದರ ಗುಣವೇ ಹಾಗೆ, ಮೇಲಿನ ತೂಕದ ಲೆಕ್ಕ ಇದಕ್ಕೆ ಹಾಕಬೇಡಿ. ಒಂದು ಪೆಟ್ಟಿಗೆಯಲ್ಲಿ ವರ್ಷಕ್ಕೆ ಅರ್ಧ ಕೆಜಿ ಆಸುಪಾಸು ಸಿಗೋದು, ಹಾಗಾಗಿ ದುಬಾರಿ. ರಾಶಿ ರಾಶಿ ಅಗ್ಗಕ್ಕೆ ಕೊಡ್ತೀವಿ ಅಂದರೆ ಅನುಮಾನ ಪಡಿ. ಇನ್ನೊಂದು ಮಾತು, ಒಂದು ವರ್ಷ ತುಂಬದ ಕೂಸಿಗೆ ಯಾವ ಜೇನೂ ನೆಕ್ಕಿಸಬೇಡಿ, ಎಷ್ಟು ಶುದ್ಧವಾಗಿದ್ದರೂ.

ತರುವಾಗ ಮುಚ್ಚಳಕ್ಕೆ ಟೇಪ್ ಸುತ್ತಿ, ಬಾಟಲಿ ನಿಲ್ಲಿಸಿಯೇ ಇಡಿ. ನಾನು ಸುಮ್ನೆ ಬ್ಯಾಗಿನಲ್ಲಿ ಮಲಗಿಸಿದ್ದೆ. ಶುದ್ಧ ಜೇನಿಗೆ ಇರುವೆ ಬರಲ್ಲ ಅಂತಾರಲ್ವಾ, ಬೆಂಗಳೂರಿಗೆ ಬಂದು ಬ್ಯಾಗನ್ನು ಮೂಲೆಯಲ್ಲಿಟ್ಟು ಸ್ನಾನ ಮುಗಿಸಿ ಬರೋ ಹೊತ್ತಿಗೆ ಅಡುಗೆಮನೆಯಿಂದ ಬ್ಯಾಗಿನವರೆಗೆ ಸಾಲು ಹಿಡಿದಿತ್ತು.