ಚಾವಣಿ ರಿಪೇರಿಯ ದಿನಚರಿ: ಕ್ಲೇಮ್ ಹಾಕಲೋ, ಬೇಡವೋ?

ದಿನ 1: ರಾತ್ರಿಯ ಗಾಳಿಗೆ ಕೊಂಬೆ ಮುರಿದು ಚಾವಣಿಯ ಮೇಲೆ ಬಿದ್ದಿದೆ. ಅದನ್ನು ಎಳೆದುಹಾಕುವ ಮೊದಲೇ ಅಂಗಳದಿಂದ, ಏಣಿಯಿಂದ, ಅಟ್ಟದೊಳಗಿನಿಂದ ಫೋಟೊ ತೆಗೆದೆ. ಆಮೇಲೆ ಟಾರ್ಪಾಲು ಹೊದಿಸಿದೆ. ರಸೀದಿ ಜೋಪಾನವಾಗಿದೆ. ವಿಮೆ ಇದೆಯಲ್ಲ ಎಂದು ನಿದ್ದೆಯೂ ಚೆನ್ನಾಗಿ ಬಂತು.

ದಿನ 2: ಪಾಲಿಸಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಬಿರುಗಾಳಿಯಂಥ ಹಠಾತ್ ಹಾನಿಗೆ ಪರಿಹಾರ ಉಂಟು. ಸವೆತ, ತುಕ್ಕು, ನಿಧಾನವಾದ ಸೋರಿಕೆಗೆ ಇಲ್ಲ. ಚಾವಣಿಯ ವಯಸ್ಸಿಗೆ ತಕ್ಕಂತೆ ಸವಕಳಿ, ಅಂದರೆ ಹಳತಾದಷ್ಟೂ ಇಳಿದ ಬೆಲೆ, ಕಳೆಯುತ್ತಾರೆ. ಅದರ ಮೇಲೆ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲೂ ನಾನೇ ಹೊರಬೇಕಾದ ಮೊತ್ತ.

ದಿನ 4: ಟಾರ್ಚ್ ಹಿಡಿದು ಅಟ್ಟದಲ್ಲಿ ಎರಡು ಗಂಟೆ ಕಳೆದೆ. ಕೋಣೆಯ ಸೀಲಿಂಗಿನಲ್ಲಿ ಕಲೆ ಇರುವ ಜಾಗಕ್ಕೂ ಹೆಂಚು ಒಡೆದ ಜಾಗಕ್ಕೂ ಸಂಬಂಧವೇ ಇಲ್ಲ. ನೀರು ಪಕಾಸಿನ, ಅಂದರೆ ಚಾವಣಿ ಹೊರುವ ಇಳಿಜಾರು ಮರದ, ಗುಂಟ ಹರಿದು ಎಲ್ಲೋ ತೊಟ್ಟಿಕ್ಕುತ್ತದೆ. ಆ ಕಲೆಯ ಸುತ್ತ ಕಂದು ಬಳೆಗಳು, ಒಂದರೊಳಗೊಂದು. ಒಂದೇ ರಾತ್ರಿಯ ಮಳೆಗೆ ಅಷ್ಟು ಬಳೆ ಮೂಡುವುದಿಲ್ಲ. ಎರಡು ಇಳಿಜಾರು ಕೂಡುವಲ್ಲಿನ ತಗಡು ತುಕ್ಕು ಹಿಡಿದು, ಕೆಳಗಿನ ರೀಪುಗಳು (ಹೆಂಚು ಕೂರಿಸುವ ಮರದ ಪಟ್ಟಿಗಳು) ಬೆರಳಿಗೇ ಪುಡಿಯಾದವು. ಇದು ಗಾಳಿಯ ಕೆಲಸವಲ್ಲ, ನನ್ನ ಸೋಮಾರಿತನದ್ದು. ಇದನ್ನೂ ಗಾಳಿಯ ತಲೆಗೆ ಕಟ್ಟುವ ಆಸೆ ಒಂದು ಗಳಿಗೆ ಬಂದದ್ದು ಸುಳ್ಳಲ್ಲ. ಆದರೆ ಹಾನಿ ನೋಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಕೂಡ ಬಳೆ ಎಣಿಸಬಲ್ಲರು.

ದಿನ 5: ಬಡಗಿಯಿಂದ ಎರಡು ಅಂದಾಜುಪಟ್ಟಿ ಬರೆಸಿದೆ: ಕೊಂಬೆಯಿಂದ ಆದದ್ದು ಬೇರೆ, ಹಳೆಯದು ಬೇರೆ. ಒಟ್ಟು ಖರ್ಚು 100 ಎಂದುಕೊಂಡರೆ ಕೊಂಬೆಯ ಪಾಲು 55. ಸವಕಳಿ 40 ಶೇಕಡಾ ಹೋದರೆ 33. ಡಿಡಕ್ಟಿಬಲ್ 20 ಕಳೆದರೆ 13. ಇಷ್ಟಕ್ಕಾಗಿ ಕ್ಲೇಮ್ ಹಾಕಿದರೆ ನವೀಕರಣದಲ್ಲಿ ಸಿಗುವ ರಿಯಾಯಿತಿ ತಪ್ಪುತ್ತದೆ, ದಾಖಲೆಯಲ್ಲೂ ಉಳಿಯುತ್ತದೆ. ಬೇಡ ಎಂದು ತೀರ್ಮಾನಿಸಿದೆ. ಹಾನಿಯಾದ ಸುದ್ದಿಯನ್ನು ಮೊದಲ ದಿನವೇ ಕಂಪನಿಗೆ ತಿಳಿಸಿದ್ದೆ; ತಡವಾಯಿತೆಂಬ ತಕರಾರು ಮುಂದೆ ಬರಬಾರದಲ್ಲ.

ದಿನ 8: ತೀರ್ಮಾನ ಮೂರು ದಿನವೂ ಬಾಳಲಿಲ್ಲ. ಹೆಂಚು ತೆಗೆದಾಗ ಎರಡು ಪಕಾಸುಗಳು ಉದ್ದಕ್ಕೆ ಸೀಳಿರುವುದು ಕಂಡಿತು. ಸೀಳಿನೊಳಗಿನ ಮರ ಬೆಳ್ಳಗಿದೆ, ಧೂಳಿಲ್ಲ, ಬೂಸಲಿಲ್ಲ, ಹೊಸ ಗಾಯ. ಅಳತೆಗೋಲು ಪಕ್ಕದಲ್ಲಿಟ್ಟು ಫೋಟೊ ತೆಗೆದೆ. ಹಳೆಯ ಅಂದಾಜಿನ ಒಟ್ಟು ಖರ್ಚು 100 ಎಂಬ ಅದೇ ಅಳತೆಯಲ್ಲಿ ಕೊಂಬೆಯ ಪಾಲೇ ಈಗ 115. ಅದೇ ಲೆಕ್ಕದಲ್ಲಿ ಸವಕಳಿ, ಡಿಡಕ್ಟಿಬಲ್ ಕಳೆದರೆ ಕೈಗೆ 49.

ದಿನ 9: ಕ್ಲೇಮ್ ಹಾಕಿದೆ, ಕೊಂಬೆಯ ಪಟ್ಟಿಗೆ ಮಾತ್ರ. ತಗಡು, ಹಳೆಯ ರೀಪುಗಳ ಖರ್ಚು ನನ್ನದೇ. ಒಡೆದ ಹೆಂಚಿನ ಚೂರುಗಳು ಗೋಣಿಚೀಲದಲ್ಲಿವೆ. ಸರ್ವೇಯರ್ ಬಂದು ನೋಡುವವರೆಗೆ ಆ ಎರಡು ಪಕಾಸುಗಳನ್ನು ಮುಟ್ಟಬೇಡಿ ಎಂದು ಬಡಗಿಗೆ ಹೇಳಿದ್ದೇನೆ. ಟಾರ್ಪಾಲು ಮತ್ತೆ ಮೇಲೇರಿದೆ.