ಹಿತ್ತಲಿನ ಹಕ್ಕಿ ತಟ್ಟೆ: ಚಾವಣಿಯವರೆಗಿನ ಕೆಲಸ

ಚಿಕ್ಕಮಗಳೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಹಕ್ಕಿಗಳಿಗೆ ಕಾಳು ಇಡಲು ಕಟ್ಟುತ್ತಿರುವ ತಟ್ಟೆಯ ಕೆಲಸ ಈಗ ಚಾವಣಿಯ ಹಂತವನ್ನು ದಾಟಿದೆ. ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು ಮರದ ಚಮಚ ತೂರಿಸಿ ನೇತುಹಾಕುವ ವಿಧಾನ ಸುಲಭವೇನೋ ಹೌದು. ಆದರೆ ಗಾಳಿಯೊಡನೆ ಅಡ್ಡಲಾಗಿ ಹೊಡೆಯುವ ನಮ್ಮ ಮುಂಗಾರಿನಲ್ಲಿ ಅದೇ ತೂತುಗಳಿಂದ ನೀರು ಒಳಸೇರಿ, ತಳದಲ್ಲಿರುವ ಕಾಳು ಮುಗ್ಗಿಹೋಗುತ್ತದೆ. ಮುಗ್ಗಿದ ಕಾಳು ಹಕ್ಕಿಗಳಿಗೆ ರೋಗ ತರುತ್ತದೆ. ಆದ್ದರಿಂದ ತಟ್ಟೆಯ ಅಂದಚೆಂದಕ್ಕಿಂತ ಕಾಳು ಒಣಗಿರುವಂತೆ ನೋಡಿಕೊಳ್ಳುವುದನ್ನೇ ಮುಖ್ಯವಾಗಿಟ್ಟುಕೊಂಡು ಕೆಲಸ ಸಾಗಿದೆ.

ಫೆಬ್ರವರಿ

ಕಾಫಿ ತೋಟಗಳ ನಾಡಿನಲ್ಲಿ ಸಿಲ್ವರ್ ಓಕ್ ಹಲಗೆಗೆ ಬರವಿಲ್ಲ, ಆದರೆ ನೆನೆಯುತ್ತಲೇ ಇದ್ದರೆ ಅದು ಬೇಗ ಲಡ್ಡಾಗುತ್ತದೆ. ನಮ್ಮ ಆಚಾರ್ರು ಕಿಟಕಿ ಮಾಡಿ ಉಳಿದಿದ್ದ ಹಲಸಿನ ರೀಪುಗಳನ್ನು ಕೊಟ್ಟು, “ಇದನ್ನೇ ಹಾಕಿ ಸಾರ್, ಮಳೆಗೆ ತಡೀತದೆ” ಎಂದರು. ಚೌಕಟ್ಟು 14 ಅಂಗುಲ ಉದ್ದ, 10 ಅಂಗುಲ ಅಗಲವಿದ್ದು, ಕಾಳು ಚೆಲ್ಲದಂತೆ ಸುತ್ತಲೂ 1 ಅಂಗುಲದ ಅಂಚು ಇದೆ. ತಳಕ್ಕೆ ಹಲಗೆಯ ಬದಲು ಕಿಟಕಿಗೆ ಹೊಡೆಯುವ ಅಲ್ಯೂಮಿನಿಯಂ ಸೊಳ್ಳೆ ಜಾಲರಿಯನ್ನು ಬಿಗಿದು, ಅದು ಜೋತು ಬೀಳದಂತೆ ಕೆಳಗೆ ಅಡ್ಡಪಟ್ಟಿ ಕೊಟ್ಟಿದ್ದೇನೆ. ನವಣೆ ಕಾಳು ಅದರಲ್ಲಿ ನಿಲ್ಲುತ್ತದೆ, ನೀರು ಮಾತ್ರ ಇಳಿದುಹೋಗುತ್ತದೆ. ಕತ್ತರಿಸಿದ ಜಾಲರಿಯ ಅಂಚು ಸೂಜಿಯಂತೆ ಚುಚ್ಚುವುದರಿಂದ, ಅದನ್ನು ಒಳಕ್ಕೆ ಮಡಚಿ ಪಟ್ಟಿಯ ಅಡಿಗೆ ಸೇರಿಸಿ ಮೊಳೆ ಹೊಡೆಯಬೇಕು. ಹಕ್ಕಿಯ ಕಾಲು ಬಹಳ ನಾಜೂಕಿನದು.

ಮಾರ್ಚ್

ಜಾಗ ಆರಿಸುವಾಗ ಕಿಟಕಿಯ ಗಾಜನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಾಜಿನಲ್ಲಿ ಕಾಣುವ ಮರದ ಬಿಂಬವನ್ನು ನಿಜವೆಂದು ತಿಳಿದು ಹಕ್ಕಿಗಳು ಡಿಕ್ಕಿ ಹೊಡೆಯುತ್ತವೆ. ತಟ್ಟೆ 3 ಅಡಿಗಿಂತ ಹತ್ತಿರವಿದ್ದರೆ ಅವುಗಳಿಗೆ ವೇಗ ಹಿಡಿಯಲು ಅವಕಾಶವಿರುವುದಿಲ್ಲ, 30 ಅಡಿಗಿಂತ ದೂರವಿದ್ದರೆ ಅಪಾಯ ಕಡಿಮೆ. ನಡುವಿನ ದೂರವೇ ಕೆಟ್ಟದ್ದು. ನಾನು ದೂರವನ್ನೇ ಆರಿಸಿ, ಸೀಬೆ ಮರದಿಂದಾಚೆ, ಬೆಕ್ಕು ಹೊಂಚು ಹಾಕಲು ಪೊದೆಯಿಲ್ಲದ ಕಡೆ 6 ಅಡಿಯ ಜಿಐ ಪೈಪು ನೆಟ್ಟಿದ್ದೇನೆ.

ಏಪ್ರಿಲ್

ಕಾಫಿ ಗಿಡಗಳನ್ನು ಹೂಬಿಡಿಸುವ ಬೇಸಿಗೆಯ ಹೂಮಳೆ ಬಿದ್ದ ಮೇಲೆ ಚಾವಣಿಗೆ ಕೈಹಾಕಿದೆ. ಮಂಗಳೂರು ಹೆಂಚು ನೋಡಲು ಚೆಂದ, ಆದರೆ ಒಂಟಿ ಪೈಪಿನ ಮೇಲೆ ಅದರ ಭಾರ ಹೆಚ್ಚಾಗುತ್ತದೆ. ಕೊನೆಗೆ ಒಂದೇ ಕಡೆಗೆ ಇಳಿಜಾರಾಗುವಂತೆ ಜಿಂಕ್ ಶೀಟು ಹಾಕಿ, ಬಿಸಿಲಿಗೆ ಅದು ಕಾಯದಿರಲೆಂದು ಮೇಲೆ ಅಡಿಕೆ ಹಾಳೆಯನ್ನು ತಂತಿಯಿಂದ ಬಿಗಿದೆ. ಹಾಳೆ ಒಂದು ಮಳೆಗಾಲಕ್ಕೆ ಬಂದರೆ ಸಾಕು, ಮುಂದಿನ ವರ್ಷ ಬೇರೆ ಹಾಳೆ ಬೀಳುತ್ತದೆ. ಶೀಟು ನಾಲ್ಕೂ ಕಡೆ 4 ಅಂಗುಲ ಹೊರಚಾಚಿದೆ.

ಮೊದಲು ಬಂದವು ಚುಕ್ಕೆ ರಾಟವಾಳಗಳು, ಅದೂ ಗುಂಪಾಗಿ. ಅವು ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ತಿರುಳನ್ನು ನುಂಗಿ, ಹೊಟ್ಟನ್ನು ಅಲ್ಲಿಯೇ ಉದುರಿಸುವುದರಿಂದ ಸಂಜೆ ಹೊತ್ತಿಗೆ ತಟ್ಟೆ ತುಂಬಿದಂತೆಯೇ ಕಾಣುತ್ತದೆ. ಊದಿ ನೋಡಿದರೆ ಅಡಿಯಲ್ಲಿ ಒಂದು ಕಾಳೂ ಉಳಿದಿರುವುದಿಲ್ಲ. ಇದನ್ನು ಗಮನಿಸದವರು ಹಕ್ಕಿ ಬರುತ್ತಿಲ್ಲವೆಂದು ತಿಳಿದು ತಟ್ಟೆಯನ್ನೇ ತೆಗೆದಿಡುವುದುಂಟು. ಪಿಕಳಾರಗಳು ನವಣೆಯತ್ತ ತಿರುಗಿಯೂ ನೋಡಲಿಲ್ಲ. ಅವುಗಳಿಗಾಗಿ ಅಂಚಿಗೆ ಮೊಳೆ ಹೊಡೆದು ಪಪ್ಪಾಯಿ ಹೋಳು ಚುಚ್ಚಿದ ಮೇಲೆ ಜೋಡಿಯಾಗಿ ಬರತೊಡಗಿದವು. ಉಪ್ಪು ಬೆರೆತ ಅನ್ನ, ಬ್ರೆಡ್ಡು, ಕರಿದ ತಿಂಡಿ ಇವುಗಳಲ್ಲಿ ಯಾವುದನ್ನೂ ಇಡುವುದಿಲ್ಲ ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ಸೂರಕ್ಕಿಗಳಿಗೆ ಸಕ್ಕರೆ ನೀರು ಇಡುವ ಯೋಚನೆಯೂ ನನಗಿಲ್ಲ. ಬೇಲಿಯ ದಾಸವಾಳವೇ ಅವುಗಳಿಗೆ ಸಾಕು.

ಮೇ

ಅಳಿಲಿಗೆ ಜಿಐ ಪೈಪು ಲೆಕ್ಕಕ್ಕಿಲ್ಲ. ತಟ್ಟೆಯ ಕೆಳಗೆ ಆಲಿಕೆಯನ್ನು ಬೋರಲು ಹಾಕಿದ ಆಕಾರದಲ್ಲಿ ತಗಡು ಕಟ್ಟುವುದು ಬಾಕಿಯಿದೆ. ಪೈಪಿಗೆ ಗ್ರೀಸ್ ಬಳಿಯಿರಿ ಎಂದು ಸಲಹೆ ಕೊಟ್ಟವರಿದ್ದಾರೆ, ಆದರೆ ಅದು ಗರಿಗೆ ಮೆತ್ತಿಕೊಂಡರೆ ಹಕ್ಕಿಗೆ ಹಾರುವುದೇ ಕಷ್ಟವಾಗುತ್ತದೆ. ಜಾಲರಿಯ ಚೌಕಟ್ಟನ್ನು ಕಳಚಿ ತೊಳೆದು ಬಿಸಿಲಿಗಿಡಲು ಅನುಕೂಲವಾಗುವಂತೆ ಮೊಳೆಗಳ ಜಾಗದಲ್ಲಿ ಸ್ಕ್ರೂ ಹಾಕುತ್ತಿದ್ದೇನೆ. ಮಳೆ ಹಿಡಿದ ಮೇಲೆ ತಟ್ಟೆ ತುಂಬಿಸದೆ, ಬೆಳಿಗ್ಗೆ ಒಂದು ಹಿಡಿ ಹಾಕಿ, ಸಂಜೆ ಉಳಿದದ್ದನ್ನು ಗೊಬ್ಬರದ ಗುಂಡಿಗೆ ಸುರಿಯುವುದೆಂದು ತೀರ್ಮಾನಿಸಿದ್ದೇನೆ.