ದೊತೊರ್ನ್ ತರಗತಿಗೆ ಬಂದ ಲೆಕ್ಕದ ಪುಸ್ತಕ

ಮೂವತ್ತೊಂದು ವರ್ಷ ಸಹಕಾರಿ ಬ್ಯಾಂಕೊಂದರ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತವನು ನಾನು. ಜೂನ್ ಮೊದಲ ವಾರ ಯಾವ ಮನೆಯ ಬಳೆ ಒಳಗೆ ಬರುತ್ತದೆ, ಅಡಿಕೆ ಮಾರಿದ ಮೇಲೆ ಯಾವುದು ಹೊರಗೆ ಹೋಗುತ್ತದೆ ಎಂಬುದು ಬಾಯಿಪಾಠವಾಗಿತ್ತು. ಕರವಸ್ತ್ರದ ಗಂಟು ಬಿಚ್ಚುವ ಮೊದಲು ಹೆಂಗಸರು ಒಮ್ಮೆ ಹಿಂತಿರುಗಿ ನೋಡುತ್ತಿದ್ದರು, ಜೊತೆಗೆ ಬಂದ ಮಗು ಹೊರಗಿನ ಬೆಂಚಿನಲ್ಲೇ ಕುಳಿತಿದೆಯೇ ಎಂದು.

ನಿವೃತ್ತನಾದ ಮೇಲೆ ನಮ್ಮ ಇಗರ್ಜಿಯ ಧರ್ಮಗುರುಗಳು ಭಾನುವಾರದ ದೊತೊರ್ನ್‌ಗೆ, ಅಂದರೆ ಮಕ್ಕಳ ಧರ್ಮೋಪದೇಶದ ತರಗತಿಗೆ, ಕಲಿಸಲು ಕರೆದರು. ಹತ್ತನೆಯ ತರಗತಿಯ ಹದಿನಾಲ್ಕು ಮಕ್ಕಳು. ಕುಂಬಳೆ, ಬೇಳದ ಈ ಸುತ್ತಿನಲ್ಲಿ ನಮ್ಮ ಧರ್ಮಪ್ರಾಂತ್ಯ ಮಂಗಳೂರಿನದು, ರೇಷನ್ ಕಾರ್ಡ್ ಕೇರಳದ್ದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಮಕ್ಕಳು ಮೂರು ಭಾಷೆಯಲ್ಲೂ ಖರ್ಚು ಮಾಡಬಲ್ಲರು, ಲೆಕ್ಕ ಬರೆಯಲು ಮಾತ್ರ ಒಂದರಲ್ಲೂ ಬಾರದು.

ತಲಾಂತುಗಳ ಸಾಮತಿಯಿಂದ ಶುರುಮಾಡಿದೆ, ಯಜಮಾನ ಒಪ್ಪಿಸಿಹೋದ ತಲಾಂತನ್ನು ಆಳೊಬ್ಬ ನೆಲದಲ್ಲಿ ಹೂತಿಟ್ಟ ಬೈಬಲಿನ ಕತೆ. ತಲಾಂತು ಎಂದರೆ ಹಾಡು, ಚಿತ್ರಕಲೆಯ ಪ್ರತಿಭೆ ಎಂದು ಅವರಿಗೆ ಮೊದಲೇ ಯಾರೋ ಹೇಳಿಕೊಟ್ಟಿದ್ದರು. ಅದು ದುಡ್ಡು ಮಕ್ಕಳೇ, ಸುಮಾರು 6,000 ದಿನಗಳ ಕೂಲಿ ಎಂದೆ. ತೋಟದ ಕೆಲಸಕ್ಕೆ ಈಗ ದಿನಕ್ಕೆ ಎಷ್ಟು? ಒಬ್ಬ 900 ಎಂದ. ಮೊಬೈಲ್ ತೆಗೆದು ಗುಣಿಸಿದರು: 54 ಲಕ್ಷ! ಕೊಠಡಿಯಲ್ಲಿ ಒಂದು ಕ್ಷಣ ಫ್ಯಾನಿನ ಸದ್ದು ಮಾತ್ರ. ಆಮೇಲೆ ಹಿಂದಿನ ಸಾಲಿನ ಹುಡುಗ, “ಮಾಷ್ಟ್ರೇ, ಅಷ್ಟನ್ನು ಹೊಂಡ ತೋಡಿ ಹೂಳುವ ಬದಲು ಬ್ಯಾಂಕಿನಲ್ಲಾದರೂ ಇಡಬಹುದಿತ್ತಲ್ಲ?” ಎಂದ. ಮತ್ತಾಯನ 25ನೆಯ ಅಧ್ಯಾಯದ 27ನೆಯ ವಚನವನ್ನು ಅವನಿಂದಲೇ ಓದಿಸಿದೆ. ಯಜಮಾನ ಹೇಳುವುದೂ ಅದನ್ನೇ.

ಮನೆಗೆಲಸವಾಗಿ ಎರಡು ವಾರದ ಖರ್ಚು ಬರೆದು ತರಲು ಹೇಳಿದೆ. ಹಳೆಯ ನೋಟ್‌ಬುಕ್ ಸಾಕು, ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಅದೇ ಹಿಂದಿನ ಸಾಲಿನವನ ಪುಟದಲ್ಲಿ ಬಸ್ 84, ಜ್ಯೂಸ್ 120, ರೀಚಾರ್ಜ್ 199, ಕೊನೆಗೆ ‘ಗೊತ್ತಿಲ್ಲ 340’. ಉಳಿದವರು ನಕ್ಕರು. ನಾನು ಅವನಿಗೇ ಹೆಚ್ಚು ಅಂಕ ಕೊಟ್ಟೆ. ಮಿಕ್ಕವರ ಪುಟಗಳಲ್ಲಿ ಲೆಕ್ಕ ಅನುಮಾನ ಬರುವಷ್ಟು ಸರಿಯಾಗಿ ಕೂಡಿತ್ತು.

ಕಾಣಿಕೆಯ ವಿಷಯಕ್ಕೆ ಬಂದಾಗ ಬಡವರಿಗೆ ನೆರವಾಗುವ ವಿನ್ಸೆಂಟ್ ಪಾವ್ಲ್ ಸಭೆಯ ಕಾಣಿಕೆ ಚೀಲವನ್ನೇ ತರಗತಿಗೆ ತಂದೆ. ಒಝನಾಂ ಎಂಬಾತ ಮತ್ತು ಅವನ ಗೆಳೆಯರು 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಸಭೆ ಅದು. ಆತ ಆಗ ಇಪ್ಪತ್ತರ ವಿದ್ಯಾರ್ಥಿ. ಸಭೆ ಮುಗಿಯುವಾಗ ಚೀಲ ಕೈಯಿಂದ ಕೈಗೆ ಹೋಗುತ್ತದೆ, ಮುಷ್ಟಿ ಒಳಗೆ ಹಾಕಬೇಕು, ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣಬಾರದು. ಖಾಲಿ ಮುಷ್ಟಿ ಹಾಕಿದರೂ ಆಯಿತು. ಕೊಟ್ಟರೆ ದೇವರು ಇಮ್ಮಡಿ ಮಾಡಿ ಹಿಂದಿರುಗಿಸುತ್ತಾನೆ ಎಂದು ಟಿ.ವಿ.ಯಲ್ಲಿ ಕೂಗುವ ಬೋಧಕರಿದ್ದಾರೆ. ಹಣ ದುಪ್ಪಟ್ಟಾಗುತ್ತದೆ ಎಂದು ನಮ್ಮೂರಿನಲ್ಲಿ ಬ್ಲೇಡ್ ಕಂಪೆನಿ ಎಂಬ ಖಾಸಗಿ ಲೇವಾದೇವಿಯವರೂ ಹೇಳುತ್ತಿದ್ದರು.

ಇನ್ನೊಂದು ಸಂಗತಿಯನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಬಡವರು ಬಡ್ಡಿಕೋರರ ಕೈಗೆ ಸಿಕ್ಕಿ ಸಾಯಬಾರದೆಂದು ಇಟಲಿಯ ಫ್ರಾನ್ಸಿಸ್ಕನ್ ಸನ್ಯಾಸಿಗಳು 1462ರಲ್ಲಿ ಪೆರೂಜಾ ಪಟ್ಟಣದಲ್ಲಿ ಕಡಿಮೆ ಬಡ್ಡಿಯ ಅಡವಿನಂಗಡಿ ತೆರೆಸಿದ್ದರು. ಹೆಸರು ಮೊಂತೆ ದಿ ಪಿಯೆತಾ, ಮರುಕದ ಗುಡ್ಡ. ಅಂದರೆ ನನ್ನ ಕೌಂಟರಿಗೂ ಒಂದು ವಂಶವೃಕ್ಷವಿದೆ.

ಎಡವಟ್ಟಾದದ್ದು ಮೂರನೆಯ ಮನೆಗೆಲಸದಲ್ಲಿ. ಈ ಸಲದ ಕರೆಂಟ್ ಬಿಲ್ ಎಷ್ಟು, ತಿಂಗಳಿಗೆ ಕುರಿಯ (ಚೀಟಿ ಫಂಡಿನ) ಕಂತು ಎಷ್ಟು, ಸಾಲ ಇದೆಯೇ ಎಂದು ಮನೆಯಲ್ಲಿ ಕೇಳಿ ಬನ್ನಿ ಎಂದಿದ್ದೆ. ಉತ್ತರ ತಂದವರು ನಾಲ್ವರು. ಮಂಗಳವಾರ ಸಂಜೆ ಒಬ್ಬ ಹುಡುಗಿಯ ತಾಯಿ ಮನೆಗೇ ಬಂದರು. ಕುಳಿತುಕೊಳ್ಳಲಿಲ್ಲ. “ಮಾಷ್ಟ್ರೇ, ಜಪ ಕಲಿಸಿ ಎಂದು ಕಳುಹಿಸಿದರೆ ನೀವು ನಮ್ಮ ಸಾಲ ಕೇಳುತ್ತೀರಾ? ಮಕ್ಕಳ ತಲೆಗೆ ಆ ಭಾರ ಯಾಕೆ?”

ತಕ್ಷಣ ಉತ್ತರ ಹೊಳೆಯಲಿಲ್ಲ, ಯಾಕೆಂದರೆ ನಾನೂ ಹಾಗೆಯೇ ಮುಚ್ಚಿಟ್ಟವನು. 2009ರಲ್ಲಿ ಮನೆಗೆ ಮಾಳಿಗೆ ಎಬ್ಬಿಸಲು ಹೊರಟೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಲೂಕನ ಶುಭಸಂದೇಶದಲ್ಲಿದೆ. ನಾನು ನಿಂತುಕೊಂಡೇ ಲೆಕ್ಕ ಹಾಕಿದ್ದೆ. ಹೆಂಡತಿಯ ಬಳೆಗಳನ್ನು ಸಹೋದ್ಯೋಗಿಗಳಿಗೆ ಗೊತ್ತಾಗಬಾರದೆಂದು ಬೇರೆ ಬ್ಯಾಂಕಿನಲ್ಲಿ ಅಡವಿಟ್ಟೆ. ಅದೇ ವರ್ಷ ಪ್ಲಸ್ ಟು ಮುಗಿಸಿದ ಮಗ ಬೈಕ್ ಕೇಳಿದ. ಕೈಯಲ್ಲಿಲ್ಲ ಎನ್ನಲು ನಾಚಿಕೆಯಾಗಿ ಕಂತಿನಲ್ಲಿ ಕೊಡಿಸಿದೆ. ಈಗ ಕುವೈತಿನಲ್ಲಿರುವ ಅವನು ಒಮ್ಮೆ ಫೋನಿನಲ್ಲಿ, “ಪಪ್ಪಾ, ಒಂದು ಮಾತು ಹೇಳಿದ್ದರೆ ನಾನು ಬೈಕ್ ಕೇಳುತ್ತಲೇ ಇರಲಿಲ್ಲ” ಎಂದ. ಮಾಳಿಗೆಯ ಕಂಬಗಳಿಂದ ಕಬ್ಬಿಣದ ಸರಳುಗಳು ಇವತ್ತಿಗೂ ತುಕ್ಕು ಹಿಡಿದು ಆಕಾಶ ನೋಡುತ್ತಿವೆ. ಅಲ್ಲಿ ಅಡಿಕೆ ಒಣಗಿಸುತ್ತೇವೆ.

ಇದನ್ನೆಲ್ಲ ಆ ತಾಯಿಗೆ ಹೇಳಿ, ಮೇಲೆ ಕರೆದುಕೊಂಡು ಹೋಗಿ ಸರಳುಗಳನ್ನೂ ತೋರಿಸಿದೆ. ಅವರು ಏನೂ ಹೇಳದೆ ಹೋದರು.

ಅದರ ಮುಂದಿನದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಎರಡು ಭಾನುವಾರ ಕಳೆದ ಮೇಲೆ ಹುಡುಗಿ ನಾಲ್ಕು ಮಡಿಕೆಯ ಕಾಗದ ಕೊಟ್ಟಳು. ಕರೆಂಟು, ಕುರಿ, ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಸಾಲ ತಾಯಿಯ ಅಕ್ಷರದಲ್ಲಿದ್ದವು. ಮೊತ್ತ ಕೂಡಿಸಿದ್ದು ಮಗಳ ಅಕ್ಷರದಲ್ಲಿ. ಕೆಳಗೆ ಮತ್ತೆ ತಾಯಿಯ ಕೈ: “ಪ್ರಥಮ ಪರಮಪ್ರಸಾದದ ಊಟಕ್ಕೆ ಅಡವಿಟ್ಟ ಸರ, ಎರಡೂವರೆ ಪವನು. ಬಡ್ಡಿ ಮಾತ್ರ ಕಟ್ಟುತ್ತಿದ್ದೇವೆ. ಅವಳಿಗೆ ಹೇಳಿದ್ದೇನೆ.”

ಆ ಸರವನ್ನು ತಕ್ಕಡಿಗೆ ಹಾಕಿದವನು ನಾನೇ. ಆ ಸಂಸ್ಕಾರಕ್ಕೆ ತೊಡುವ ಬಿಳಿ ಫ್ರಾಕಿನ ಬಟ್ಟೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕಾಲಾಡಿಸುತ್ತಿದ್ದವಳು ಇವಳು. ಕಾಗದವನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿ ಅವಳ ಕೈಗೆ ಕೊಟ್ಟೆ. ಕೂಡಿಸಿದ್ದರಲ್ಲಿ ಇಪ್ಪತ್ತು ರೂಪಾಯಿ ತಪ್ಪಿತ್ತು, ಅದನ್ನು ಮಾತ್ರ ಹೇಳಿದೆ.